ಗ್ಯಾಸ್ಕೆಟ್ಟಿನ ಗೆರೆ

ಪ್ರೊಫೆಸರ್ ಹೊರಿಬೆಯವರ ನಿವೃತ್ತಿ ಉಪನ್ಯಾಸದ ನಂತರ ಹಂಚಬೇಕಾದದ್ದು ಸ್ಟ್ರಾಬೆರಿ ಕೇಕೋ, ಹೂರಣ ತುಂಬಿದ ಅಂಟಂಟಾದ ಅಕ್ಕಿ ಕಡುಬು ಮೋಚಿಯೋ ಎಂಬ ಗುರುತರ ಪ್ರಶ್ನೆಯನ್ನು ಅವರ ಪ್ರಯೋಗಾಲಯ ಸಭೆಯ ಮೇಲೆ ಸಭೆ ನಡೆಸಿಯೂ ಬಗೆಹರಿಸಿರಲಿಲ್ಲ. ಈಗಿನ ಸಭೆ ಕ್ಷ-ಕಿರಣ ಯಂತ್ರದ ಕಂಪ್ಯೂಟರಿನ ಮುಂದೆಯೇ ನಡೆಯುತ್ತಿತ್ತು.

“ಮೋಚಿ ಬೇಡ, ಕಸುಗಾ ಅವ್ರೇ. ಬರೋರಲ್ಲಿ ಅರ್ಧ ಜನ ಎಪ್ಪತ್ತು ದಾಟಿದೋರು. ಯಾರ ಗಂಟಲಲ್ಲಾದ್ರೂ ಸಿಕ್ಕೊಂಡ್ರೆ ಬೀಳ್ಕೊಡುಗೆ ಅವರದೇ ಆಗ್ಹೋಗತ್ತೆ,” ಎಂದ ಸಹೋದ್ಯೋಗಿ ತೊಕುಮಾರು.

ಕಸುಗಾ ನಗಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು.

ಹೊರಿಬೆಯವರ ಸಹಾಯಕಿಯಾಗಿಯೇ ಅವಳ ಕೂದಲು ನರೆತಿತ್ತು. ಅವರ ನಿವೃತ್ತಿಯೊಂದಿಗೆ ಅವಳ ಗುತ್ತಿಗೆಯೂ ಮುಗಿಯುತ್ತಿತ್ತು. ಹೊಕ್ಕೈದೊ ವಿಶ್ವವಿದ್ಯಾಲಯದಲ್ಲಿ ಒಂದು ಕಾಯಂ ಹುದ್ದೆ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಗಟ್ಟಿ ಮಾಡಿಸಿದ್ದು ಒಂದು ಗೆರೆ. ಎರಡು ವಜ್ರಗಳ ತುದಿಗಳ ನಡುವೆ ಮ್ಯಾಂಗನೀಸ್ ಆಕ್ಸೈಡಿನ ಕಣವನ್ನಿಟ್ಟು ಹಿಂಡುತ್ತಾ ಹೋದರೆ, ಒಂದು ಹಂತದಲ್ಲಿ ಪರಮಾಣುಗಳು ಹಳೆಯ ಜೋಡಣೆ ಬಿಟ್ಟು ಇನ್ನಷ್ಟು ಒತ್ತೊತ್ತಾಗಿ ಕೂರುತ್ತವೆ. ಕ್ಷ-ಕಿರಣ ಹಾಯಿಸಿದರೆ ಹೊಸ ಜೋಡಣೆ ಹೊಸ ಗೆರೆಯಾಗಿ ಮೂಡುತ್ತದೆ. ಹಿಂದೆ ಯಾರೂ ಕಾಣದಿದ್ದ ಅಂಥದೊಂದು ಗೆರೆಯನ್ನು ಅವಳು ಕಂಡಿದ್ದಳು. ಪ್ರಬಂಧ ಅಚ್ಚಾಗಿತ್ತು. ಉಪನ್ಯಾಸಕ್ಕೆ ಇನ್ನೂ ಚೆಂದದ ಚಿತ್ರ ಬೇಕೆಂದು ಮೇಷ್ಟ್ರು ಕೇಳಿದ್ದರಿಂದ ಇವತ್ತು ಮತ್ತೆ ಹಿಂಡಿದ್ದಳು.

“ಕಿರಣ ಕಣದ ಮೇಲಿಲ್ಲ. ಪಕ್ಕಕ್ಕೆ ಸರಿದಿದೆ,” ಎಂದಳು.

“ಹಾಗಾದ್ರೆ ಗೆರೆ ಮಸುಕಾಗ್ಬೇಕಲ್ಲ?”

“ದಪ್ಪ ಆಗಿದೆ.”

ತೊಕುಮಾರು ಕುರ್ಚಿ ಎಳೆದುಕೊಂಡ. ಕಣ ಆಚೀಚೆ ಚೆಲ್ಲದಂತೆ ಸುತ್ತ ಹಿಡಿದಿಡುವ ರೇನಿಯಂ ಲೋಹದ ಗ್ಯಾಸ್ಕೆಟ್ಟಿಗೂ ತನ್ನವೇ ಗೆರೆಗಳಿರುತ್ತವೆ; ಸರಿದ ಕಿರಣ ಬಿದ್ದದ್ದು ಅದರ ಮೇಲೆ. ಪ್ರಬಂಧ ಬರೆಯುವಾಗ ಕಸುಗಾ ಅವನ್ನು ಗುರುತು ಹಾಕಿ ಲೆಕ್ಕದಿಂದ ಹೊರಗಿಟ್ಟಿದ್ದಳು. ಆದರೆ ಅವಳು ಗುರುತು ಹಾಕಿದ್ದು ಆರಾಮವಾಗಿದ್ದ ರೇನಿಯಂನ ಗೆರೆಗಳಿಗೆ. ಹಿಂಡುವಾಗ ಹಿಡಿದುಕೊಂಡಿರುವುದೂ ಹಿಂಡಿಹೋಗುತ್ತದೆ, ಅದರ ಗೆರೆಯೂ ಜಾಗ ಬಿಟ್ಟು ಸರಿಯುತ್ತದೆ ಎಂದು ಹೊಸದಾಗಿ ಸೇರಿದವರಿಗೆ ಪಾಠ ಹೇಳುತ್ತಿದ್ದವಳೂ ಅವಳೇ.

“ಮೇಷ್ಟ್ರಿಗೆ ಹೇಳ್ಬೇಡಿ,” ಎಂದ ತೊಕುಮಾರು, ಈ ಸಲ ತಮಾಷೆಯಿಲ್ಲದೆ. “ಹೊಕ್ಕೈದೊದವ್ರ ಆರ್ಡರ್ ಕೈಗೆ ಬರ್ಲಿ ಮೊದ್ಲು.”

ಹೇಳಿದಳು. ಹೊರಿಬೆ ಕನ್ನಡಕ ತೆಗೆದು ಒರೆಸಿದರು.

“ಇಷ್ಟು ವರ್ಷ ನನ್ನ ಮಾತಿಗೆ ಒಂದು ದಿನ ಎದುರಾಡ್ಲಿಲ್ಲ ನೀನು. ಇನ್ನೊಂದು ವಾರ ತಡ್ಕೊಳ್ಳೋಕೆ ಆಗ್ಲಿಲ್ವೇನಮ್ಮ?”

“ಆ ಚಿತ್ರ ತೆಗೆದುಬಿಡ್ತೀನಿ, ಮೇಷ್ಟ್ರೇ.”

“ತೆಗೀಬೇಡ. ಕೊನೇ ಉಪನ್ಯಾಸದಲ್ಲಿ ಯಾರೂ ಪ್ರಶ್ನೆ ಕೇಳಲ್ಲ. ಹೂ ಕೊಟ್ಟು ಮನೆಗೆ ಕಳಿಸ್ತಾರೆ, ಅಷ್ಟೇ. ನಿನ್ನ ಕೆಲಸಕ್ಕೂ ಅದೇ ಕ್ಷೇಮ.”

ಉಪನ್ಯಾಸದ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಕಪ್ಪು ಸೂಟಿನ ಹಳೆಯ ಶಿಷ್ಯರು, ಅವರ ನಡುವೆ ಹೊಕ್ಕೈದೊದಿಂದ ಬಂದವರು. ಮೇಷ್ಟ್ರು ತಲೆ ಅಲ್ಲಾಡಿಸಿದಾಗಲೆಲ್ಲ ಚಿತ್ರ ಬದಲಾಯಿಸುವುದು ಎಂದಿನಂತೆ ಮೂಲೆಯಲ್ಲಿ ಕೂತ ಕಸುಗಾಳ ಕೆಲಸ. ಆ ಚಿತ್ರದ ಸರದಿ ಬಂದಾಗ ಅವಳು ಅದನ್ನು ದಾಟಿಸಿಬಿಟ್ಟಳು.

“ಒಂದು ಹಿಂದಕ್ಕೆ, ಕಸುಗಾ.”

ಅವಳ ಬೆರಳು ಅಲುಗಲಿಲ್ಲ.

“ಹಿಂದಕ್ಕೆ.”

ಅವಳು ಎದ್ದು ನಿಂತಳು. “ಆ ಗೆರೆ ಆಕ್ಸೈಡಿಂದಲ್ಲ, ಮೇಷ್ಟ್ರೇ. ಗ್ಯಾಸ್ಕೆಟ್ಟಿಂದು. ತಪ್ಪು ನಂದು.” ಸೊಂಟ ಬಾಗಿಸಿ ತಲೆ ತಗ್ಗಿಸಿದಳು.

“ಏನಂತೆ?” ಎಂದು ಕಿವಿ ಮಂದವಾದ ಮುದುಕರೊಬ್ಬರು ಪಕ್ಕದವರನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು.

“ಗ್ಯಾಸ್ಕೆಟ್ಟಂತೆ.”

“ಅಯ್ಯೋ ಪಾಪ,” ಎಂದರು ಮುದುಕರು.

ಹೊರಿಬೆ ಕೈಯಲ್ಲಿದ್ದ ಲೇಸರ್ ಚುಕ್ಕೆಯನ್ನು ಆರಿಸಿದರು. “ಮುಂದಿನದು,” ಎಂದರು. ಕಸುಗಾ ಕೂತು, ಮುಂದಿನದನ್ನು ಹಾಕಿದಳು. ಆಮೇಲೆ ಚಪ್ಪಾಳೆಯಾಯಿತು, ಹೂಗುಚ್ಛವಾಯಿತು. ಎಲ್ಲರೂ ಸಾಲಾಗಿ ನಿಂತಾಗ ಫೋಟೊ ತೆಗೆದುಕೊಡಲು ಅವಳನ್ನೇ ಕರೆದರು.

ಪ್ರಬಂಧವನ್ನು ಮೇ ತಿಂಗಳಲ್ಲಿ ಹಿಂಪಡೆಯಲಾಯಿತು. ಹೊಕ್ಕೈದೊದ ಹುದ್ದೆಗೆ ಬೇರೊಬ್ಬರನ್ನು ತೆಗೆದುಕೊಂಡರು.