‘ಬೇ’ ಅಂದದ್ದಕ್ಕೆ ಒಂದೇ ಸ್ಟಾರ್

ಇಂದೂರಿನ ದಂಪತಿ ಬರೆದ ವಿಮರ್ಶೆ ಹಿಂದಿಯಲ್ಲಿತ್ತು. ಮನೆ ಸ್ವಚ್ಛವಾಗಿದೆ, ಗೋಳಗುಮ್ಮಟ ಹತ್ತಿರ, ನಲ್ಲಿಯಲ್ಲಿ ಬಿಸಿನೀರು ಬರುತ್ತದೆ ಎಂದು ಶುರುವಾಗಿತ್ತು. ಆಮೇಲೆ ಗಂಡ ಬರೆದಿದ್ದ: ಈ ಮನೆಯ ಮುದುಕಿ ಊಟ ಬಡಿಸುವಾಗಲೆಲ್ಲ ನನ್ನ ಹೆಂಡತಿಯನ್ನು ‘ಬೇ’ ಎಂದು ಕರೆದು ಅವಮಾನ ಮಾಡಿದಳು, ಮರ್ಯಾದೆ ಇರುವವರು ಇಲ್ಲಿಗೆ ಹೋಗಬೇಡಿ. ಕೆಳಗೆ ಒಂದೇ ಸ್ಟಾರ್.

ಯಾಸ್ಮೀನ ಅದನ್ನು ವಿಜಯಪುರದ ಜೋರಾಪುರ ಪೇಟೆಯ ತನ್ನ ಅಡುಗೆಮನೆಯಲ್ಲಿ ನಿಂತೇ ಓದಿದಳು. ಮಾಳಿಗೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡಲು ಶುರುಮಾಡಿದ್ದು ದಸರೆಯ ಹೊತ್ತಿಗೆ. ಆ ಆ್ಯಪಿನಲ್ಲಿ ಅದುವರೆಗೆ ಬಂದಿದ್ದ ನಾಲ್ಕು ವಿಮರ್ಶೆಗಳಿಗೂ ಐದೈದು ಸ್ಟಾರ್ ಇದ್ದವು. ಅವುಗಳಿಗಾಗಿ ಅವಳು ಬಚ್ಚಲು ತಿಕ್ಕಿದ್ದಳು, ಹೊದಿಕೆ ಒಗೆದಿದ್ದಳು, ಬಸ್ ತಪ್ಪಿಸಿಕೊಂಡವರನ್ನು ಕರೆತರಲು ನಿಲ್ದಾಣಕ್ಕೆ ಹೋಗಿದ್ದಳು.

ಅವಳಿಗೆ ಮೈ ಉರಿದದ್ದಕ್ಕೆ ಕಾರಣವಿತ್ತು. ಅವಮಾನವಾಯಿತು ಎನ್ನಲಾದ ಆ ಹೆಂಡತಿ ಎರಡೆರಡು ಸಲ ಬಡಿಸಿಕೊಂಡು ಉಂಡಿದ್ದಳು. ಹೋಗುವಾಗ ಗುರೆಳ್ಳಿನ ಚಟ್ನಿಪುಡಿ ಕೇಳಿ ಕಟ್ಟಿಸಿಕೊಂಡಿದ್ದಳು. ಎಲ್ಲಕ್ಕೂ ಮೂಲವೂ ಅವಳೇ. ಫೋನಿನಲ್ಲಿ ನಾಲ್ಕು ಕನ್ನಡ ಮಾತು ಕಲಿತು ಬಂದಿದ್ದವಳು ಬಾಗಿಲಲ್ಲೇ ‘ನಮಸ್ಕಾರ, ಚೆನ್ನಾಗಿದ್ದೀರಾ’ ಎಂದಿದ್ದಳು. ಯಾಸ್ಮೀನಳ ಅತ್ತೆ ಮುಮತಾಜ ಆ ಖುಷಿಗೆ ಉರ್ದುವನ್ನು ಅಲ್ಲೇ ಬಿಟ್ಟು ಕನ್ನಡಕ್ಕೆ ಇಳಿದುಬಿಟ್ಟಿದ್ದಳು.

“ಬಾ ಬೇ, ಕುಂಡ್ರ ಬೇ. ಇಷ್ಟ ಉಂಡ್ರ ಹೆಂಗ ಬೇ, ಗುಮ್ಮಟದ ಪಾವಟಿಗಿ ಹತ್ತೂದೈತಿ ನಿಂದು.”

ಮುಮತಾಜ ಹುಟ್ಟಿದ್ದು ಹತ್ತಿರದ ಹಳ್ಳಿ ಸಾರವಾಡದಲ್ಲಿ. ಅಲ್ಲಿನ ಓಣಿಗಳಲ್ಲಿ ‘ಬೇ’ ಎಂದರೆ ಅವ್ವನನ್ನು, ಅಕ್ಕನನ್ನು, ಗೆಳತಿಯನ್ನು ಕರೆಯುವ ಮಾತು. ಬೇರೆಯವರನ್ನು ಯಾರೂ ಹಾಗೆ ಕರೆಯುವುದಿಲ್ಲ. ಹಿಂದಿ, ಉರ್ದುವಿನಲ್ಲಿ ಅದೇ ಸದ್ದು ಬೈಗುಳ. ಮಗ ಜುಬೇರ ಚಿಕ್ಕವನಿದ್ದಾಗ ಗೆಳೆಯನಿಗೆ ‘ಕ್ಯಾ ಬೇ’ ಎಂದದ್ದಕ್ಕೆ ಇದೇ ಮುಮತಾಜ ಸೌಟು ತೆಗೆದುಕೊಂಡು ಬಾರಿಸಿದ್ದಳು. ಎರಡು ಭಾಷೆಯ ಎರಡು ‘ಬೇ’ಗಳು ಆ ಮನೆಯಲ್ಲಿ ಬೇರೆ ಬೇರೆಯಾಗಿಯೇ ಬದುಕಿದ್ದವು. ಅಂದು ಊಟಕ್ಕೆ ಕುಳಿತವರಿಗೆ ಒಂದೇ ಗೊತ್ತಿತ್ತು.

ಮರುದಿನ ಆ್ಯಪಿನ ಕಂಪನಿಯಿಂದ ಸಂದೇಶ ಬಂತು. ಅತಿಥಿಯನ್ನು ನಿಂದಿಸಿದ ದೂರು ಬಂದಿದೆ, ವಿವರಣೆ ಕೊಡುವವರೆಗೆ ನಿಮ್ಮ ಮನೆ ಯಾರಿಗೂ ಕಾಣುವುದಿಲ್ಲ, ಆ ವ್ಯಕ್ತಿಯನ್ನು ಅತಿಥಿಗಳಿಂದ ದೂರವಿಡುವಿರಾ ತಿಳಿಸಿ. ಮನೆ ಯಾಸ್ಮೀನಳ ಗಂಡ ಜುಬೇರನ ಹೆಸರಿನಲ್ಲಿದ್ದುದರಿಂದ ಆ್ಯಪಿನ ಖಾತೆಯೂ ಅವನದೇ. ಅವನು ಟ್ರ್ಯಾಕ್ಟರ್ ಶೋರೂಮಿನಲ್ಲಿ ಲೆಕ್ಕ ಬರೆಯುವವನು, ಇಂಗ್ಲಿಷ್ ಬಲ್ಲವನು. ‘ಬೇ’ ಎಂದರೆ ನಮ್ಮಲ್ಲಿ ಏನೆಂದು ಬಿಡಿಸಿ ಬರೆಯಿರಿ ಎಂದು ಯಾಸ್ಮೀನ ಎದುರು ಕುಳಿತು ಹೇಳಿದಳು. ಅವನು ಹೂಂ ಎಂದ. ಎರಡು ದಿನಕ್ಕೆ ಮನೆ ಮತ್ತೆ ಆ್ಯಪಿನಲ್ಲಿ ಕಾಣಿಸಿತು. ಏನು ಬರೆದಿರಿ ಎಂದು ಕೇಳಿದರೆ, ಕ್ಷಮೆ ಕೇಳಿದೆ, ಬಗೆಹರಿಯಿತು ಎಂದ. ಹೊಸ ಬುಕಿಂಗ್ ಬಂದಿತ್ತು. ಅವಳು ಮುಂದೆ ಕೇಳಲಿಲ್ಲ.

ಬಂದವರು ಮೈಸೂರಿನ ಗಂಡ, ಹೆಂಡತಿ, ಒಂದು ಚಿಕ್ಕ ಮಗು. ಯಾಸ್ಮೀನ ತರಕಾರಿಗೆ ಹೋಗಿದ್ದಾಗ ಮಗು ಅಂಗಳಕ್ಕೆ ಬಂದು ಮುಮತಾಜಳ ಸೆರಗು ಹಿಡಿಯಿತು. ತಾಯಿ ಮಾಳಿಗೆಯಿಂದ ಓಡಿಬಂದು ಮಗುವನ್ನು ಎಳೆದುಕೊಂಡಳು. ಯಾಕೆ ಎಂದು ಮುಮತಾಜ ಕೇಳಿದಳು. ಆಕೆ ಮೊದಲು ತಡವರಿಸಿದಳು, ಆಮೇಲೆ ಹೇಳಿದಳು, “ತಪ್ಪು ತಿಳ್ಕೋಬೇಡಿ ಅಜ್ಜಿ. ನಿಮ್ಮ ಮನೆಯವರೇ ಬರೆದಿದ್ದಾರಲ್ಲ.” ಎಲ್ಲಿ ಬರೆದಿದ್ದಾರೆ, ಏನು ಬರೆದಿದ್ದಾರೆ ಎಂದು ಮುಮತಾಜ ಬಿಡದೆ ಕೇಳಿದಾಗ, ಫೋನು ತೆಗೆದು ಕನ್ನಡದಲ್ಲಿ ಹೇಳಿದಳು.

ಯಾಸ್ಮೀನ ತಿರುಗಿ ಬರುವ ಹೊತ್ತಿಗೆ ಮುಮತಾಜ ಚೀಲ ಹಿಡಿದು ಬಬಲೇಶ್ವರದ ಬಸ್ ಹತ್ತಿ ಸಾರವಾಡದ ತಮ್ಮನ ಮನೆಗೆ ಹೋಗಿದ್ದಳು. ನಡೆದದ್ದನ್ನು ಮೈಸೂರಿನವಳೇ ಯಾಸ್ಮೀನಳಿಗೆ ಹೇಳಿದಳು.

ಸಂಜೆ ಜುಬೇರ ಶೂ ಬಿಚ್ಚುವ ಮೊದಲೇ ಯಾಸ್ಮೀನ ಫೋನನ್ನು ಅವನ ಮುಖಕ್ಕೆ ಹಿಡಿದಳು. ಇಂದೂರಿನವನ ವಿಮರ್ಶೆಯ ಕೆಳಗೆ, ಯಾರು ಬೇಕಾದರೂ ಓದುವ ಹಾಗೆ, ಇಂಗ್ಲಿಷಿನಲ್ಲಿ ಮನೆಯವರ ಉತ್ತರವಿತ್ತು: ‘ಕ್ಷಮಿಸಿ. ನಮ್ಮ ತಾಯಿಗೆ ವಯಸ್ಸಾಗಿದೆ, ತಲೆ ಸ್ಥಿಮಿತದಲ್ಲಿಲ್ಲ. ಏನು ಮಾತನಾಡುತ್ತಾರೆಂದು ಅವರಿಗೇ ತಿಳಿಯುವುದಿಲ್ಲ. ಇನ್ನು ಮುಂದೆ ಅವರನ್ನು ಅತಿಥಿಗಳಿಂದ ದೂರವಿಡುತ್ತೇವೆ.’

ಮನೆಯಲ್ಲಿ ಅವರು ಆಡುವುದು ಉರ್ದು. ಸಿಟ್ಟು ತುದಿಗೆ ಬಂದಾಗ ಇಬ್ಬರೂ ಕನ್ನಡಕ್ಕೆ ಬರುತ್ತಿದ್ದರು.

“ಕಂಪನ್ಯಾವರಿಗೆ ವ್ಯಾಕರಣ ಕಲಿಸ್ಕೋತ ಕುಂಡ್ರಲೇನು?” ಎಂದ ಜುಬೇರ. “ಒಂದ ಸಾಲಿನಾಗ ಮುಗೀತು. ನಿನ್ನ ಸಲುವಾಗಿನ ಬರದೇನಿ.”

“ನನ್ನ ಸಲುವಾಗಿ ನಿಮ್ಮವ್ವನ್ನ ಹುಚ್ಚಿ ಮಾಡ್ರಿ ಅಂದಿದ್ನೇನ್ರಿ?”

ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಗೊತ್ತಾಗುತ್ತಿರಲಿಲ್ಲ ಎಂದ ಜುಬೇರ. ಆ ಮಾತು ಯಾಸ್ಮೀನಳನ್ನು ಇನ್ನಷ್ಟು ಕೆರಳಿಸಿತು. ಗೊತ್ತಾಗದಿದ್ದರೆ ಸುಳ್ಳು ನಿಜವಾಗುತ್ತಿತ್ತೇ ಎಂದು ಕೇಳಿದಳು. ಈಗಲೇ ಅಳಿಸಿ ಎಂದಳು. ಅವನು ಬಹಳ ಹೊತ್ತು ಪರದೆಯನ್ನು ಒತ್ತಿ ನೋಡಿದ. ಒಮ್ಮೆ ಕೊಟ್ಟ ಉತ್ತರವನ್ನು ತಿದ್ದಲೂ ಬರುವುದಿಲ್ಲ, ಅಳಿಸಲೂ ಬರುವುದಿಲ್ಲ. ಮನೆಯನ್ನೇ ಆ್ಯಪಿನಿಂದ ಪೂರ್ತಿ ತೆಗೆದರೆ ಮಾತ್ರ ವಿಮರ್ಶೆಗಳೊಂದಿಗೆ ಅದೂ ಹೋಗುತ್ತದೆ. ಆ ನಾಲ್ಕು ಐದು-ಸ್ಟಾರುಗಳೂ ಹೋಗುತ್ತವೆ.

ಯಾಸ್ಮೀನ ಆ ರಾತ್ರಿ ಅತ್ತೆಗೆ ಫೋನು ಮಾಡಿದಳು. ಮುಮತಾಜ ಅವಳ ಮೇಲೆ ಸಿಟ್ಟಾಗಲಿಲ್ಲ. ಬರೆದವನನ್ನು ಕರೆದುಕೊಂಡು ಬಾ ಎಂದಷ್ಟೇ ಹೇಳಿ ಇಟ್ಟಳು.

ಮೈಸೂರಿನವರು ಹೋದ ಮೇಲೆ, ರವಿವಾರ, ಗಂಡ ಹೆಂಡತಿ ಸಾರವಾಡಕ್ಕೆ ಹೋದರು. ಮುಮತಾಜಳ ತಮ್ಮ ಅಬ್ದುಲಸಮದನ ಅಂಗಳದಲ್ಲಿ ಒಣದ್ರಾಕ್ಷಿಯ ರಾಶಿ ಹಾಕಿದ್ದರು. ಓಣಿಯ ಹೆಂಗಸರು ಸುತ್ತ ಕುಳಿತು ಕಡ್ಡಿ ಬಿಡಿಸುತ್ತಿದ್ದರು. ಮುಮತಾಜ ನಡುವೆ ಇದ್ದಳು. ತಲೆ ಎತ್ತಲಿಲ್ಲ. ಅವಳ ಬಾಲ್ಯದ ಗೆಳತಿ ಮುರಿಗೆವ್ವ ಎತ್ತಿದಳು.

“ಬಾರಪಾ ಜುಬೇರ. ಜರಾ ದೂರ ಕುಂಡ್ರು. ನಿಮ್ಮವ್ವ ಕಡದು-ಗಿಡದಾಳು.”

ಒಬ್ಬಿಬ್ಬರು ನಕ್ಕರು. ಜುಬೇರ ಒಳಗೆ ಹೋಗಿ ಮಾತಾಡೋಣ ಎಂದು ತಾಯಿಯನ್ನು ಕರೆದ. ನೀನು ಊರೆಲ್ಲ ಓದುವಂತೆ ಬರೆದಿದ್ದೀ, ಒಳಗೆ ಯಾಕೆ ಎಂದು ಮುಮತಾಜ ಕೇಳಿದಳು. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳು ಎಂದಳು.

ಅವನು ಫೋನು ತೆಗೆದು ಓದತೊಡಗಿದ. ‘ನಮ್ಮ ತಾಯಿಗೆ ವಯಸ್ಸಾಗಿದೆ’ ಎಂಬಲ್ಲಿ ನಿಂತುಬಿಟ್ಟ.

“ಓದು,” ಎಂದಳು ಮುಮತಾಜ. “ಬರಿಯಾಗ ನಿಂತಿದ್ದೇನು?”

ಅವನು ಓದಿದ. ಕಡೆಯ ಸಾಲಿಗೆ ಬರುವಾಗ ದನಿ ಕೇಳಿಸದಷ್ಟು ಇಳಿದಿತ್ತು. ಹೆಂಗಸರ ಕೈಗಳು ನಿಂತಿದ್ದವು. ತಪ್ಪಾಯಿತು ಎಂದ. ಅಳಿಸಬೇಕಾದರೆ ಇಡೀ ಮನೆಯನ್ನೇ ತೆಗೆಯಬೇಕಾಗುತ್ತದೆ, ಇಷ್ಟು ತಿಂಗಳ ಒಳ್ಳೆಯ ಹೆಸರೂ ಹೋಗುತ್ತದೆ, ಯಾಸ್ಮೀನ ಕಷ್ಟಪಟ್ಟು ಗಳಿಸಿದ್ದು ಎಂದು ಹೇಳಿ ಹೆಂಡತಿಯ ಕಡೆ ನೋಡಿದ.

ಮುಮತಾಜ ಆಗ ಮೊದಲ ಸಲ ಸೊಸೆಯ ಕಡೆ ನೋಡಿದಳು. “ದುಡಿಮಿ ನಿಂದವ್ವಾ. ನೀನ ಹೇಳು.”

ಯಾಸ್ಮೀನಳಿಗೆ ಆ ಕ್ಷಣ ಗಂಡನ ಮೇಲೆ ಬಂದ ಸಿಟ್ಟು ವಿಮರ್ಶೆ ಬರೆದವನ ಮೇಲೂ ಬಂದಿರಲಿಲ್ಲ. ಇಂದೂರಿನವನಿಗೆ ಭಾಷೆ ಗೊತ್ತಿರಲಿಲ್ಲ. ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಲಭದ ದಾರಿ ಹಿಡಿದು, ಈಗ ಅದರ ಭಾರವನ್ನು ಅವಳ ದುಡಿಮೆಯ ಮೇಲೆ ಹಾಕಿ ನಿಂತಿದ್ದ.

“ತಗೀರಿ,” ಎಂದಳು.

“ನಾಕೂ ಹೊಕ್ಕಾವ ನೋಡು.”

“ಹೋಗಲಿ. ಅತ್ತೀ ಮುಂದ ತಗೀರಿ.”

ಅವನು ಒತ್ತಿದ. ಖಚಿತವೇ ಎಂದು ಆ್ಯಪ್ ಕೇಳಿತು. ಮತ್ತೆ ಒತ್ತಿದ. ಪರದೆಯನ್ನು ತಾಯಿಗೆ ತೋರಿಸಿದ. ಅಲ್ಲಿ ಮನೆಯ ಫೋಟೋ ಇರಲಿಲ್ಲ. ಮುಮತಾಜ ನೋಡಿ, ಮತ್ತೆ ದ್ರಾಕ್ಷಿಗೆ ಕೈ ಹಾಕಿದಳು. ಬಾ ಮನೆಗೆ ಹೋಗೋಣ ಎಂದು ಅವನು ಕರೆದ.

“ಇದನ್ನ ಮುಗಿಸಿ ಬರ್ತೀನಿ. ಬಂದ್ರೂ ಸೊಸಿ ಮನಿಗೆ ಬರ್ತೀನಿ, ನಿನ್ನ ಮನಿಗಲ್ಲ.”

ಅಬ್ದುಲಸಮದ ಊಟಕ್ಕೆ ನಿಲ್ಲಿಸಿಕೊಳ್ಳಲು ನೋಡಿದ. ಯಾಸ್ಮೀನ ಒಲ್ಲೆನೆಂದಳು. ಬಸ್ ಕಾಯುವಾಗ ಅವಳು ಗಂಡನಿಗೆ ತಿಳಿಸಿದಳು: ಮಾಳಿಗೆಯನ್ನು ಮತ್ತೆ ಆ್ಯಪಿಗೆ ಹಾಕುತ್ತೇನೆ, ಖಾತೆ ಅತ್ತೆಯ ಹೆಸರಿನಲ್ಲಿ, ಫೋಟೋ ಅತ್ತೆಯದು. ಮನೆ ನಿಮ್ಮ ಹೆಸರಿನಲ್ಲಿದೆ, ಒಪ್ಪಿಗೆಯ ಕಾಗದಪತ್ರ ನೀವು ಮಾಡಿಸಿಕೊಡಬೇಕು.

“ಅವ್ವಗ ಇಂಗ್ಲಿಷ ಬರೂದಿಲ್ಲ,” ಎಂದ ಜುಬೇರ. “ಮುಂದ ಯಾರರೆ ದೂರು ಬರದ್ರ ಉತ್ತರಾ ಯಾರು ಕೊಡ್ತಾರ?”

“ಅವರ ಹೇಳ್ತಾರ, ನಾ ಬರೀತೀನಿ. ಅವರು ಹೇಳಿದ್ದನ್ನ ಬರೀತೀನಿ.”

ಬಬಲೇಶ್ವರದ ಕಡೆಯಿಂದ ಬಸ್ ಬಂತು. ಇಬ್ಬರು ಕೂರುವ ಸೀಟೊಂದು ಖಾಲಿಯಿತ್ತು. ಯಾಸ್ಮೀನ ಕಿಟಕಿಯ ಕಡೆ ಸರಿಯದೆ ಅಂಚಿನಲ್ಲೇ ಕುಳಿತಳು. ಜುಬೇರ ವಿಜಯಪುರದವರೆಗೆ ನಿಂತೇ ಬಂದ.