ಬದಲಿ ಜಡ್ಜು

“ಏಯ್ ಮುಂಡೇದೆ, ಬಾಗಿಲಿಗೆ ಅಡ್ಡ ಕೂತಿದೀಯಲ್ಲ, ಇದೇನು ನಿಮ್ಮಪ್ಪನ ಮನೆ ಜಗುಲಿನಾ? ಜಡ್ಜಿಲ್ಲ ಅಂದ್ರೆ ಇಲ್ಲ. ಎದ್ದೋಗು.”

ಮಕ್ಕಳ ಕೋರ್ಟಿನ ಗುಮಾಸ್ತ ನಂದೀಶ್ ಹೀಗೆ ಅಂದದ್ದು ಅದು ಐದನೆಯ ಸಲ. ಪಿಳ್ಳಮ್ಮ ಎದ್ದು ಸೆರಗು ಕೊಡವಿಕೊಂಡಳು. ಜೊತೆಗೆ ನಾನಿದ್ದೆ. ಪೀಣ್ಯದ ಒಂದೇ ಕಾರ್ಖಾನೆಯಲ್ಲಿ ನಾವಿಬ್ಬರೂ ಕಸ ಗುಡಿಸುವವರು. ದಾಸರಹಳ್ಳಿಯಲ್ಲಿ ಅಕ್ಕಪಕ್ಕದ ಶೀಟ್ ಮನೆ.

ಅವಳ ಮಗಳು ಸವಿತಾ, ಹದಿನಾರರ ಹುಡುಗಿ, ಅದೇ ಕಾರ್ಖಾನೆಯ ಪ್ಯಾಕಿಂಗಿಗೆ ಬರುತ್ತಿದ್ದಳು. ಒಂದು ಮಧ್ಯಾಹ್ನ ಸೂಪರ್‌ವೈಸರ್ ನರಸಪ್ಪನ ತಲೆಗೆ ಕಬ್ಬಿಣದ ಪಟ್ಟಿಯಲ್ಲಿ ಹೊಡೆದಳು. ಹನ್ನೊಂದು ಹೊಲಿಗೆ ಬಿತ್ತು. ಯಾಕೆ ಹೊಡೆದಳೆಂದು ಪ್ಯಾಕಿಂಗಿನ ಹೆಂಗಸರಿಗೆಲ್ಲ ಗೊತ್ತಿತ್ತು. ಪೊಲೀಸರು ಬಂದಾಗ ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಆಗಿದ್ದ ಜಡ್ಜು, ಹೊರಗೆ ಬಿಟ್ಟರೆ ಹುಡುಗಿಗೇ ಅಪಾಯ ಎಂದು ಜಾಮೀನು ಕೊಡದೆ ಹೆಣ್ಣುಮಕ್ಕಳ ಹೋಮಿಗೆ ಕಳಿಸಿದರು. ಮುಂದಿನ ವಾಯಿದೆಯ ಹೊತ್ತಿಗೆ ಅವರಿಗೆ ವರ್ಗವಾಗಿತ್ತು. ಆ ಜಾಗಕ್ಕೆ ಯಾರೂ ಬರಲಿಲ್ಲ. ಹೋದಾಗಲೆಲ್ಲ ನಂದೀಶ್ ಹೊಸ ತಾರೀಕಿನ ಚೀಟಿ ಕೊಟ್ಟು ಅಟ್ಟುತ್ತಿದ್ದ. ಹೋಮಿಗೆ ನೋಡಲು ಹೋದಾಗ ಸವಿತಾ ಮೊದಮೊದಲು ಅಳುತ್ತಿದ್ದಳು. ಆಮೇಲೆ ಅಮ್ಮನ ಕೈ ಹಿಡಿದು ಸುಮ್ಮನೆ ಕೂರುತ್ತಿದ್ದಳು. ಕೊನೆಕೊನೆಗೆ ಕೈಯನ್ನೂ ಹಿಡಿಯಲಿಲ್ಲ.

ಹದಿನಾಲ್ಕು ತಿಂಗಳ ಮೇಲೆ ಬೇರೆ ಕೋರ್ಟಿನ ಜಡ್ಜೊಬ್ಬರನ್ನು ಬದಲಿಗೆ ಹಾಕಿದರು. ವಾರಕ್ಕೊಂದು ದಿನ, ಮಧ್ಯಾಹ್ನದ ಊಟದವರೆಗೆ. ಅವತ್ತು ಎಂಬತ್ತು ಕೇಸಿದ್ದವು. ಸವಿತಾಳ ಸರದಿ ಬಂದಾಗ ಅವರು ತಲೆಯೆತ್ತದೆ ಹಾಳೆ ತಿರುವಿ, ಸದ್ಯಕ್ಕೆ ತಾಯಿಗೆ ಒಪ್ಪಿಸಿ, ಹೇಳಿಕೆ ಮುಂದಿನ ತಿಂಗಳು ಕೇಳೋಣ ಅಂದರು. ಅವಳು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಇನ್ನೊಂದು ಹೆಸರು ಕೂಗಿದರು.

ಮನೆಗೆ ಬಂದವಳು ಮಾತಾಡಲಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಗೋಡೆಗೆ ಮುಖ ಮಾಡಿ ಕೈಕಟ್ಟಿ ನಿಂತು, “ಮೂವತ್ತೊಂದು, ಹಾಜರ್ ಮೇಡಂ” ಎಂದು ಹೋಮಿನ ಹಾಜರಿ ಹೇಳುವಳು, ಅಷ್ಟೇ. ಕೂರು ಅಂದರೆ ಕೂರುವಳು. ಬಚ್ಚಲಿಗೆ ಹೋಗಲೂ ಬೆರಳೆತ್ತುವಳು. ಶೀಟಿನಾಚೆಯಿಂದ ಆ ದನಿ ಕೇಳಿದಾಗ ನಾನು ಹೊದಿಕೆ ಎಳೆದುಕೊಂಡು ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ತಿಂಗಳಾದ ಮೇಲೆ ಮೂವರೂ ಹೋದೆವು. ಬದಲಿ ಜಡ್ಜನ್ನೂ ಬೇರೆ ಕಡೆಗೆ ಹಾಕಿದ್ದಾರೆ, ಮತ್ತೊಬ್ಬರು ಬರುವತನಕ ಕಾಯಬೇಕು ಎಂದು ನಂದೀಶ್ ಚೀಟಿ ಬರೆಯತೊಡಗಿದ.

ಪಿಳ್ಳಮ್ಮ ಚೀಟಿಗೆ ಕೈ ಚಾಚಲಿಲ್ಲ. ಅವನನ್ನು ದಾಟಿ ಒಳಗೆ ಹೋಗಿ, ಮೇಜನ್ನು ಸುತ್ತಿ, ಜಡ್ಜಿನ ಕುರ್ಚಿಯಲ್ಲಿ ಕೂತಳು.

“ಏಳೇ ಲೌಡಿ. ಪೊಲೀಸ್ನ ಕರೀತೀನಿ.”

“ಕರ್ಕೊ, ವೋಗಪ್ಪ. ನಿಮ್ ಕುರ್ಚಿ ಖಾಲಿ ಬಿದ್ದದೆ, ನನ್ ಮಗಳು ಕಣ್ಮುಂದೇನೆ ಇಲ್ದಂಗಾಯ್ತಾವ್ಳೆ. ಇವತ್ತು ನಾನೇ ಕೇಳ್ತೀನಿ.” ಮಗಳ ಕಡೆ ತಿರುಗಿದಳು. “ಯೋಳವ್ವ. ಆವತ್ತು ಏನಾತು?”

ಸವಿತಾ ಮೇಜಿನ ಮುಂದೆ ಬಂದು ಕೈಕಟ್ಟಿ ನಿಂತಳು.

“ಸಾರ್, ಗೋಡೌನ್ ಬಾಗ್ಲು ಆವಯ್ಯ ಒಳಗಿಂದ ಹಾಕ್ಕಂಡ ಸಾರ್. ನಮ್ಮಮ್ಮನ್ನ ಕೂಗ್ದೆ ಸಾರ್. ನಮ್ಮಮ್ಮಂಗೆ ಕೇಳುಸ್ಲಿಲ್ಲ.”

ಪಿಳ್ಳಮ್ಮ ಆವತ್ತು ಕೆಲಸಕ್ಕೇ ಬಂದಿರಲಿಲ್ಲ. ಆ ಕೂಗು ಕೇಳಿಸಿದ್ದು ನನಗೆ.

ಮಗಳು ತಾಯಿಯನ್ನೇ ನೋಡುತ್ತಿದ್ದಳು, ಗುರುತಿಲ್ಲದೆ. ನಂದೀಶ್ ಫೋನು ಹಿಡಿದು ಹೊರಗೆ ಓಡಿದ. ನಾನು ಹೋಗಿ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ.

“ಆಮ್ಯಾಕೆ?” ಅಂದಳು ಪಿಳ್ಳಮ್ಮ.