ಶನಿವಾರದ ಬೆಟ್ಟ

ಆ ಮನೆಯಲ್ಲಿ ಒಂದು ವರ್ಷದಿಂದ ಅಪ್ಪ ಮತ್ತು ಮಗಳ ಮಾತೆಲ್ಲ ಅಮ್ಮನ ಮೂಲಕವೇ ನಡೆಯುತ್ತಿತ್ತು. "ಊಟಕ್ಕೆ ಬರಬೇಕಂತ ಅಪ್ಪಂಗೆ ಹೇಳಮ್ಮ" ಎಂದು ಮಗಳು ಅಂದರೆ, ಕೈಗೆಟಕುವಷ್ಟು ಹತ್ತಿರ ಕೂತಿದ್ದ ಅಪ್ಪ "ಹಸಿವಿಲ್ಲ ಅಂತ ಹೇಳು" ಎನ್ನುತ್ತಿದ್ದರು. ಅಮ್ಮನ ಪಾಡು ಅಡಕತ್ತರಿಗೆ ಸಿಕ್ಕ ಅಡಿಕೆಯಂತಾಗಿತ್ತು.

ಜಗಳದ ಮೂಲ ದೊಡ್ಡದೇನಲ್ಲ. ಅಪ್ಪನದು ಗಡಿಯಾರ ರಿಪೇರಿಯ ಅಂಗಡಿ. ಓದು ಮುಗಿಸಿದ ಮಗಳು ತಮ್ಮ ಪಕ್ಕದ ಸ್ಟೂಲಿನ ಮೇಲೆ ಕೂರಲಿ ಎಂದು ಅವರ ಆಸೆ. ಅವಳು ಹೋಗಿ ಶಾಲೆಯ ಮಕ್ಕಳ ವ್ಯಾನ್ ಓಡಿಸತೊಡಗಿದಳು. "ಬೀದಿ ಅಲೆಯೋ ಕೆಲಸ" ಎಂದರು ಅಪ್ಪ. "ಗಡಿಯಾರದೊಳಗೆ ಕೂತು ಮುಳ್ಳಾಗೋದಕ್ಕಿಂತ ವಾಸಿ" ಎಂದಳು ಮಗಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು.

ಬೀಗ ತೆಗೆಸಿದ್ದು ಟೀವಿ. ಹೋದ ವಾರ ಅದರಲ್ಲಿ ಕಾಡು ಹೊದ್ದ ಬೆಟ್ಟವೊಂದು ಬಂತು. ತುದಿಯಲ್ಲಿ ಸೂರ್ಯ ಹುಟ್ಟುತ್ತಿದ್ದ. "ಇವಳು ಚಿಕ್ಕವಳಿದ್ದಾಗ ಇಲ್ಲಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ" ಎಂದು ಅಪ್ಪ ಗೋಡೆಗೆ ಹೇಳಿದರು. "ಈಗಲೂ ಹೋಗಬಹುದಲ್ಲ, ಬೆಟ್ಟ ಅಲ್ಲೇ ಇದೆ" ಎಂದು ಮಗಳೂ ಅದೇ ಗೋಡೆಗೆ ಹೇಳಿದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಮ್ಮ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಉಸಿರು ಜೋರಾಗಿ ಬಿಟ್ಟರೂ ಎಲ್ಲಿ ಮಾತು ನಿಂತುಹೋಗುತ್ತದೋ ಎಂಬ ಭಯ ಅವಳಿಗೆ.

ಈಗ ಶನಿವಾರಕ್ಕೆ ಬಸ್ಸು ಗೊತ್ತುಮಾಡಿ ಆಗಿದೆ. ಕಾಡಂಚಿನಲ್ಲಿ ಉಳಿಯಲು ಕೋಣೆ, ದಾರಿ ತೋರಿಸಲು ಒಬ್ಬ ಗೈಡ್. ಭಾನುವಾರ ನಸುಕಿನ ಕತ್ತಲಲ್ಲೇ ಹತ್ತಲು ಶುರುಮಾಡಿ, ಬೆಳಕು ಹರಿಯುವ ಹೊತ್ತಿಗೆ ತುದಿಯಲ್ಲಿರಬೇಕು. ಹಜಾರದ ತುಂಬ ಸಾಮಾನು ಹರಡಿತ್ತು.

"ಜಿಗಣೆ ಇರುತ್ತಂತೆ. ಉಪ್ಪು ಇಟ್ಕೋಬೇಕು" ಎಂದರು ಅಪ್ಪ.

"ನಿಮ್ಮ ರಕ್ತ ಕುಡಿದ್ರೆ ಜಿಗಣೆಗೇ ಬಿ.ಪಿ. ಬರುತ್ತೆ ಬಿಡಿ ಅಪ್ಪ" ಎಂದಳು ಮಗಳು.

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಟ್ಟೆ ಮಡಿಸುತ್ತಿದ್ದ ಅಮ್ಮನ ಕಣ್ಣಲ್ಲಿ ನೀರಾಡಿತು.

ಅಷ್ಟರಲ್ಲಿ ಮಗಳು ಪಕ್ಕದಿಂದ "ಹಿಡೀರಿ!" ಎನ್ನುತ್ತ ಉಂಡೆ ಮಾಡಿದ ಕಾಲುಚೀಲ ಎಸೆದಳು. ಅಪ್ಪ ಕೈಯೆತ್ತಲೇ ಇಲ್ಲ. ಅದು ಕೆನ್ನೆಗೆ ಬಡಿದಾಗ ಬೆಚ್ಚಿಬಿದ್ದರು. "ಗಮನ ಎಲ್ಲೋ ಇತ್ತು" ಎಂದು ನಕ್ಕರು. ಮಗಳೂ ನಕ್ಕಳು.

ಅಮ್ಮ ನಗಲಿಲ್ಲ. ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಫ್ರೇಮಿನ ಕಡ್ಡಿ ಬಗ್ಗಿಸಿ ಕಿವಿಗೆ ಕೂರಿಸುತ್ತ ಬಂದ ಅವಳು ಎಷ್ಟೋ ಕಣ್ಣು ನೋಡಿದ್ದಾಳೆ. ಕೆಲವು ದಿನಗಳಿಂದ ಅವಳು ಗಂಡನನ್ನು ಗಮನಿಸುತ್ತಿದ್ದಳು. ಅಪ್ಪ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿಟ್ಟ ಲೋಟ ಉರುಳಿಸುತ್ತಿದ್ದರು. ಸಂಜೆ ಮೆಟ್ಟಿಲಿಳಿಯುವಾಗ ಗೋಡೆ ತಡವುತ್ತಿದ್ದರು. ಕೇಳಿದರೆ ಒಂದೇ ಉತ್ತರ: "ವಯಸ್ಸಾಯ್ತಲ್ಲೇ."

ಕಣ್ಣಿನದು ಇರಲಾರದು ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಅಂಗಡಿಯ ಮಾಲೀಕರು ಹಳೆಯದಾಯಿತೆಂದು ಕೊಟ್ಟ, ಕಣ್ಣು ಪರೀಕ್ಷಿಸುವ ಅಕ್ಷರದ ಹಾಳೆ ಮನೆಯ ಗೋಡೆಯಲ್ಲೇ ಇತ್ತು. ವರ್ಷಕ್ಕೊಮ್ಮೆ ಅವಳೇ ಗಂಡನನ್ನು ನಿಲ್ಲಿಸಿ ಓದಿಸುತ್ತಿದ್ದಳು. ತೀರ ಸಣ್ಣ ಸಾಲನ್ನೂ ಅವರು ರೈಲು ಓಡಿಸಿದಂತೆ ಓದುತ್ತಿದ್ದರು. ಕೂದಲೆಳೆಯಂಥ ಸ್ಪ್ರಿಂಗನ್ನು ಗಡಿಯಾರದೊಳಗೆ ಕೂರಿಸುವ ಕಣ್ಣು ಅದು! "ಮನೆಯಲ್ಲೇ ಪರೀಕ್ಷೆ ಆಗುವಾಗ ಡಾಕ್ಟರು ಯಾಕೆ?" ಎಂದು ಇಬ್ಬರೂ ಹೆಮ್ಮೆಪಟ್ಟುಕೊಂಡಿದ್ದರು.

ಆದರೆ ಆ ಹಾಳೆ ಪರೀಕ್ಷಿಸುವುದು ಎದುರಿನ ನೋಟವನ್ನು ಮಾತ್ರ. ಕಾಲುಚೀಲ ಬಂದದ್ದು ಪಕ್ಕದಿಂದ.

ಮಾರನೆಯ ಸಂಜೆ ಗೈಡ್ ಫೋನ್ ಮಾಡಿದ. ಮಗಳು ಸ್ಪೀಕರ್ ಹಾಕಿದಳು. "ಮೇಲೆ ಮೇಲೆ ದಾರಿ ಕಿರಿದು, ಅಕ್ಕ. ಒಬ್ಬೊಬ್ಬರೇ ನಡೀಬೇಕು. ಎಡಗಡೆ ಪ್ರಪಾತ. ಟಾರ್ಚ್ ಮರೀಬೇಡಿ."

ಎಡಗಡೆ ಪ್ರಪಾತ! ತರಕಾರಿ ಹೆಚ್ಚುತ್ತಿದ್ದ ಅಮ್ಮನ ಚಾಕು ಅಲ್ಲೇ ನಿಂತಿತು. ಹೇಳಿದರೆ ಅಪ್ಪ ಮಗಳ ನಡುವೆ ಈಗಷ್ಟೇ ಚಿಗುರಿದ್ದು ಮುರುಟೀತು. ಸುಮ್ಮನಿದ್ದರೆ? ಮುಂದಿನದನ್ನು ಯೋಚಿಸಲು ಮನಸ್ಸು ಒಪ್ಪಲಿಲ್ಲ.

ಮಗಳು ವ್ಯಾನ್ ತೊಳೆಯಲು ಕೆಳಗಿಳಿದದ್ದನ್ನು ನೋಡಿ ಅವಳು ಗಂಡನನ್ನು ಅಡುಗೆಮನೆಗೆ ಕರೆದಳು. ಎದುರುಬದುರು ಎರಡು ಕುರ್ಚಿ ಹಾಕಿದಳು.

"ಏನೇ ಇದು, ಮದುವೆ ಫೋಟೋ ತೆಗೆಸೋ ಹಾಗೆ?"

"ತಮಾಷೆ ಆಮೇಲೆ. ನನ್ನ ಮೂಗನ್ನೇ ನೋಡ್ತಾ ಇರಿ ರೀ. ಅತ್ತಿತ್ತ ನೋಡಬಾರದು. ನನ್ನ ಬೆರಳು ಕಂಡ ಕೂಡ್ಲೆ ಹೇಳಿ."

ಅಂಗಡಿಗೆ ಬರುವ ಕಣ್ಣಿನ ಡಾಕ್ಟರು ಹೀಗೆ ಮಾಡುವುದನ್ನು ಅವಳು ನೋಡಿದ್ದಳು. ತೋಳು ಚಾಚಿ, ಬೆರಳಾಡಿಸುತ್ತ, ಪಕ್ಕದಿಂದ ಮುಂದಕ್ಕೆ ತಂದಳು. ಅವರ ಕಿವಿ ದಾಟಿತು, ಕೆನ್ನೆ ದಾಟಿತು. ಅಪ್ಪ ಸುಮ್ಮನಿದ್ದರು. ಬೆರಳು ಹೆಚ್ಚುಕಡಿಮೆ ಅವಳ ಮೂಗಿನ ಹತ್ತಿರಕ್ಕೇ ಬಂದಾಗ "ಹಾಂ, ಈಗ ಬಂತು" ಎಂದರು.

ಅವಳು ಇನ್ನೊಂದು ತೋಳು ಚಾಚಿದಳು. ಆ ಕಡೆಯೂ ಅಷ್ಟೇ.

"ಯಾವಾಗಿನಿಂದ?"

"ಗೊತ್ತಿಲ್ಲ ಕಣೇ. ನಿಧಾನಕ್ಕೆ ಆಯ್ತು. ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ನೋಡ್ತೀನಲ್ಲ, ಅದನ್ನ ತೆಗೆದ ಮೇಲೂ ಹಾಗೇ ಕಾಣುತ್ತೆ. ನಡುವೆ ಸ್ಪಷ್ಟ, ಸುತ್ತ ಏನೂ ಇಲ್ಲ."

"ಹಾಗಿದ್ದೂ ಆ ಬೆಟ್ಟಕ್ಕೆ ಹೊರಟಿರಾ?"

ಅದೇ ಗಳಿಗೆಯಲ್ಲಿ ಮಗಳು ಬಕೆಟ್ ಒಯ್ಯಲು ಮೇಲೆ ಬಂದಳು. ಅಡುಗೆಮನೆಯ ಬಾಗಿಲಲ್ಲಿ, ಅಪ್ಪನ ಪಕ್ಕಕ್ಕೆ, ಬರಿಗಾಲಲ್ಲಿ ನಿಂತಳು. ಅಮ್ಮ ಅವಳನ್ನು ಕಂಡಳು. ಅಪ್ಪ ಕಾಣಲಿಲ್ಲ.

"ಅವಳಿಗೆ ಹೇಳಬೇಡ" ಎಂದರು ಅಪ್ಪ ತಗ್ಗಿದ ದನಿಯಲ್ಲಿ. "ಒಂದು ವರ್ಷ ಆದ ಮೇಲೆ ನನ್ನ ಜೊತೆ ನಗ್ತಾ ಇದ್ದಾಳೆ. ಇದೊಂದು ಬೆಟ್ಟ ಹತ್ತಿ ಬಂದುಬಿಡ್ತೀನಿ. ಆಮೇಲೆ ಎಲ್ಲಿಗೆ ಕರೆದ್ರೂ ಬರ್ತೀನಿ. ಬಿದ್ದರೆ ಬಿದ್ದೆ. ಅವಳು ಮಾತು ಬಿಟ್ಟರೆ ಮಾತ್ರ ನನ್ನಿಂದ ತಡ್ಕೊಳಕ್ಕೆ ಆಗಲ್ಲ."

ಮಗಳ ಮುಖ ಬಿಳಿಚಿಕೊಂಡಿತು. ಅಮ್ಮ ಕಣ್ಣಲ್ಲೇ ಅವಳನ್ನು ಬೇಡಿಕೊಂಡಳು: ಬೈಯಬೇಡ, ಹೊರಟುಹೋಗಬೇಡ.

"ಅಪ್ಪಾ."

ಅವರು ಬೆಚ್ಚಿ ತಲೆಯನ್ನು ಪೂರ್ತಿ ಹೊರಳಿಸಿದರು. "ಯಾವಾಗ ಬಂದೆ?"

"ಆಗಲೇ. ಇಲ್ಲೇ ನಿಂತಿದ್ದೆ." ಅವಳ ದನಿ ಏರಿತು. "ಬಿದ್ದರೆ ಬಿದ್ದೆ ಅಂತೀರಲ್ಲ, ನಾಚಿಕೆ ಆಗಲ್ವಾ ನಿಮಗೆ? ಆ ದಾರೀಲಿ ನಿಮ್ಮ ಹಿಂದೆ ನಡೀಬೇಕಾಗಿದ್ದೋಳು ನಾನು! ನೀವು ಬೀಳೋದನ್ನ ನಾನು ನಿಂತು ನೋಡಬೇಕಾಗಿತ್ತಾ?"

"ಕೂಗಬೇಡ. ನಾನೇನು ಕುರುಡನಾ?"

"ಕುರುಡರಾಗಿದ್ರೆ ಕೋಲಾದ್ರೂ ಹಿಡೀತಿದ್ರಿ! ದಿನಾ ಮಕ್ಕಳನ್ನ ತುಂಬ್ಕೊಂಡು ಹೋಗ್ತೀನಿ. ಸೈಡ್ ಕನ್ನಡಿ ಒಡೆದಿದ್ರೆ ನಾನು ಗಾಡಿ ತೆಗೆಯೋದೇ ಇಲ್ಲ. ನೀವು ಎರಡೂ ಕನ್ನಡಿ ಇಲ್ಲದೆ ಬೆಟ್ಟ ಹತ್ತೋಕೆ ಹೊರಟಿದ್ದೀರಿ."

ಮಗಳು ಅಲ್ಲೇ ನಿಂತು ಗೈಡಿಗೆ ಫೋನ್ ಮಾಡಿದಳು. "ನಾವು ಬರ್ತಾ ಇಲ್ಲ. ಇಲ್ಲ ಅಣ್ಣ, ಮುಂದಿನ ವಾರವೂ ಇಲ್ಲ." ಫೋನ್ ಇಟ್ಟು ಹಜಾರಕ್ಕೆ ಹೋಗಿ ಚೀಲದಿಂದ ಒಂದೊಂದೇ ವಸ್ತು ತೆಗೆದು ನೆಲಕ್ಕೆ ಕುಕ್ಕತೊಡಗಿದಳು.

ಮುಗಿಯಿತು ಎಂದುಕೊಂಡಳು ಅಮ್ಮ. ಮತ್ತೊಂದು ವರ್ಷ ನಡುವೆ ನಿಲ್ಲಬೇಕು. ಅಪ್ಪ ಕುರ್ಚಿಯಿಂದೆದ್ದು, ಬಾಗಿಲ ಚೌಕಟ್ಟು ತಡವಿ, ಹಜಾರಕ್ಕೆ ಹೋದರು. ಮಗಳ ಎದುರಿಗೆ, ಸರಿಯಾಗಿ ಎದುರಿಗೆ, ಕೂತರು.

"ಆ ಟಾರ್ಚನ್ನ ಯಾಕೆ ಹಾಗೆ ಕುಕ್ತೀಯ? ಅದೇನು ಪಾಪ ಮಾಡಿದೆ?"

"ನಿಮ್ಮನ್ನ ಕುಕ್ಕೋಕೆ ಆಗಲ್ವಲ್ಲ, ಅದಕ್ಕೆ."

"ಶನಿವಾರ ಏನು ಮಾಡೋದು ಮತ್ತೆ?"

"ಕಣ್ಣಾಸ್ಪತ್ರೆ. ನಾನೇ ಕರ್ಕೊಂಡು ಹೋಗ್ತೀನಿ. ಬೀದಿ ಅಲೆಯೋ ಗಾಡಿಯಲ್ಲಿ."

"ಹಿಂದಿನ ಸೀಟು ಮಕ್ಕಳ ಅಳತೇದು. ನನ್ನ ಮಂಡಿ ಮಡಚಲ್ಲ."

"ಮುಂದೆ ಕೂತ್ಕೊಳ್ಳಿ. ಆದರೆ ಹೆಂಗೆ ಓಡಿಸಬೇಕು ಅಂತ ಪಾಠ ಹೇಳಬಾರದು."

ಶನಿವಾರ ಅವರು ದಾರಿಯುದ್ದಕ್ಕೂ ಪಾಠ ಹೇಳಿದರು. ಮಕ್ಕಳ ಸೀಟಿನಲ್ಲಿ ಮಂಡಿ ಎದೆಗೊತ್ತಿ ಕೂತಿದ್ದ ಅಮ್ಮ ಆ ವಾಗ್ವಾದದಲ್ಲಿ ಒಂದು ಅಕ್ಷರವನ್ನೂ ಬಿಡದೆ ಕೇಳಿಸಿಕೊಂಡಳು.

ಡಾಕ್ಟರು ಬಹಳ ಹೊತ್ತು ನೋಡಿದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸವೆದಿದೆ ಎಂದರು. "ಹೋಗಿರೋದು ವಾಪಸ್ ಬರಲ್ಲ. ಉಳಿದಿರೋದನ್ನ ಕಾಯಬಹುದು. ದಿನಾ ತಪ್ಪದೆ ಕಣ್ಣಿಗೆ ಔಷಧಿ ಹಾಕಬೇಕು."

"ಬೆಟ್ಟ?" ಎಂದರು ಅಪ್ಪ.

"ಹಗಲು ಹೊತ್ತು, ಅಗಲವಾದ ದಾರಿ, ಪಕ್ಕದಲ್ಲಿ ಒಬ್ಬರು ಇದ್ದರೆ ಹತ್ತಿ. ಕತ್ತಲಲ್ಲಿ ಮಾತ್ರ ಬೇಡ."

ಅಮ್ಮ ಔಷಧಿಯ ಕೌಂಟರಿಗೆ ಹೋದಳು. ಚೀಟಿ ಕೊಟ್ಟಳು. ಇನ್ನು ದಿನಾ ಆ ಕಣ್ಣುಗಳನ್ನು ಕಾಯಬೇಕು. ಕಾದರೂ ಎಷ್ಟು ಉಳಿದೀತೋ! ಹಿಂದೆ ಬೆಂಚಿನ ಮೇಲೆ ಇಬ್ಬರ ದನಿಯೂ ಏರುತ್ತಿತ್ತು.

"ದಿಬ್ಬ ಅಂದ್ರೆ ದಿಬ್ಬ, ಬೆಟ್ಟ ಅಂದ್ರೆ ಬೆಟ್ಟ. ನೀನು ಹೇಳೋ ಪಾರ್ಕಿನ ದಿಬ್ಬಕ್ಕೆಲ್ಲ ನಾನು ಬರಲ್ಲ."

"ಮೊದಲು ದಿಬ್ಬ ಹತ್ತಿ ತೋರ್ಸಿ, ಆಮೇಲೆ ನೋಡೋಣ."

"ಹೊರಗೆ ಗಲಾಟೆ ಮಾಡ್ತಿರೋರು ನಿಮ್ಮವರಾ ಅಮ್ಮ? ಸ್ವಲ್ಪ ಮೆಲ್ಲಗೆ ಮಾತಾಡೋಕೆ ಹೇಳಿ" ಎಂದ ಔಷಧಿಯವನು.

"ಹೇಳ್ತೀನಪ್ಪ" ಎಂದಳು ಅಮ್ಮ. ಹೇಳಲಿಲ್ಲ.